ಮರದ ಬುಡಕ್ಕೆ ನಡೆದ ಮಿಷನ್ನು: ಆಂಡ್ರಿಯಾಸ್ ಶ್ಟೀಲ್ ಬದುಕು

ಮುಂಗಾರು ಜೋರಾದಾಗ ಹಾಸನದ ಸುತ್ತಮುತ್ತ ಒಂದು ಸದ್ದು ಎಲ್ಲರಿಗೂ ಪರಿಚಯ. ರಸ್ತೆಗೆ ಅಡ್ಡ ಮರ ಬಿದ್ದಿರುತ್ತೆ, ಎರಡೂ ಕಡೆ ಬಸ್ಸು ಲಾರಿ ನಿಂತಿರುತ್ತವೆ, ಯಾರೋ ಹಗ್ಗ ಎಳೀತಾರೆ, ಸೆಸ್ಕ್‌ನವರು ಲೈನ್ ಆಫ್ ಮಾಡಿಸ್ತಾರೆ. ಅಷ್ಟರಲ್ಲಿ ಒಬ್ಬರು ಮರ ಕುಯ್ಯೋ ಮಿಷನ್ ಹಿಡ್ಕೊಂಡು ಬಂದು ಎರಡು ಸಲ ಹಗ್ಗ ಜಗ್ಗಿದರೆ ಶುರು. ಹತ್ತು ನಿಮಿಷದಲ್ಲಿ ದಾರಿ ಬಿಡುಗಡೆ.

ನಮ್ಮ ಜಿಲ್ಲೆಯಲ್ಲಿ ಈ ಮಿಷನ್ನಿಗೆ ಕೆಲಸ ಬೇಕಾದಷ್ಟಿದೆ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದ ಸಿಲ್ವರ್ ಓಕ್. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಸುತ್ತ ಹೊಗೆಸೊಪ್ಪು ಹದ ಮಾಡೋ ಬ್ಯಾರನ್ನಿಗೆ ಸೌದೆ. ಹೊಳೆನರಸೀಪುರದ ಕಡೆ ನೀಲಗಿರಿ, ಜಾಲಿ. ಚನ್ನರಾಯಪಟ್ಟಣದ ಕಡೆ ಫಸಲು ನಿಂತ ಹಳೇ ತೆಂಗು. ಮರ ಬೇರೆ ಬೇರೆ, ಮಿಷನ್ನು ಮಾತ್ರ ಒಂದೇ: ಚೈನ್ ಸಾ.

ಈ ಮಿಷನ್ನಿನ ಮೇಲೆ ತುಂಬಾ ಕಡೆ ಕಾಣೋ ಹೆಸರು ಒಬ್ಬ ಮನುಷ್ಯನದ್ದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆ ಅದನ್ನ ಸ್ಟೀಲ್ ಅಂತಾರೆ, ಕೆಲವರು ಸ್ಟಿಲ್ ಅಂತಾರೆ. ಉಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಜರ್ಮನ್ ಉಚ್ಚಾರಣೆಯಲ್ಲಿ ಅದು ಶ್ಟೀಲ್, ಒಬ್ಬ ಮೆಕ್ಯಾನಿಕಲ್ ಎಂಜಿನಿಯರನ ಮನೆತನದ ಹೆಸರು. ಈ ಸಂಚಿಕೆಯ ವ್ಯಕ್ತಿ ಪರಿಚಯ ಅವನದ್ದು. ಜೊತೆಗೆ ಅವನ ಕಾಲದ ಹಳೇ ಮಿಷನ್ನೊಂದು ಕೈಗೆ ಸಿಕ್ಕರೆ ಅದನ್ನ ಬಿಚ್ಚಿ, ರಿಪೇರಿ ಮಾಡಿ, ಟ್ಯೂನ್ ಮಾಡೋದು ಹೇಗೆ ಅನ್ನೋದೂ ಇದೆ. ಅವನು ಐವತ್ತು ವರ್ಷ ಮಾಡಿದ್ದೇನು ಅಂತ ಆ ಮಿಷನ್ನಿನ ಒಂದೊಂದು ಪಾರ್ಟೂ ಹೇಳುತ್ತೆ, ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳೋದು ಸುಲಭ.

ಬಾಯ್ಲರಿನಿಂದ ಕಾಡಿಗೆ

ಆಂಡ್ರಿಯಾಸ್ ಶ್ಟೀಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಶಾಲೆಯ ಒಂದಷ್ಟು ವರ್ಷ ಜರ್ಮನಿಯಲ್ಲಿ ಕಳೆಯಿತು. ಮೊದಲ ಮಹಾಯುದ್ಧ ಬಂತು, ಜರ್ಮನ್ ಸೇನೆ ಸೇರಿದ. ಆಮೇಲೆ ಐಸೆನಾಖ್ ಎಂಬ ಊರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ.

ಓದು ಮುಗಿದಾಗ ಜರ್ಮನಿಯ ಪರಿಸ್ಥಿತಿ ನಮಗೆಲ್ಲ ಚರಿತ್ರೆ ಪಾಠದಲ್ಲಿ ಗೊತ್ತಿರೋದೇ. ಸೋತ ದೇಶ, 1923ರ ಭಯಂಕರ ಹಣದುಬ್ಬರ. ಅಂಥ ವರ್ಷದಲ್ಲೇ ಶ್ಟೀಲ್ ಸ್ಟುಟ್‌ಗಾರ್ಟ್ ನಗರದಲ್ಲಿ ಒಬ್ಬ ಪಾಲುದಾರನ ಜೊತೆ ಸಣ್ಣ ಎಂಜಿನಿಯರಿಂಗ್ ಕಚೇರಿ ತೆರೆದ. ಮಾಡುತ್ತಿದ್ದದ್ದು ಹಬೆ ಬಾಯ್ಲರಿಗೆ ಬೇಕಾದ ಒಲೆ ವ್ಯವಸ್ಥೆ. 1926ರಲ್ಲಿ ಪಾಲುದಾರಿಕೆ ಬಿಟ್ಟು ತನ್ನ ಹೆಸರಿನಲ್ಲೇ ಕಂಪನಿ ಶುರುಮಾಡಿದ. ಬಾಯ್ಲರ್ ಸಾಮಾನಿನ ಜೊತೆ ಬಟ್ಟೆ ಒಗೆಯೋ ಯಂತ್ರವನ್ನೂ ಮಾಡಿ ಮಾರಿದ. ದೊಡ್ಡ ಕನಸಿಗಿಂತ ಮೊದಲು ಹೊಟ್ಟೆಪಾಡು ನಡೀಬೇಕಲ್ಲ.

ಬಾಯ್ಲರ್ ಕೆಲಸಕ್ಕೆ ಅವನು ಅಲೆಯುತ್ತಿದ್ದ ಜಾಗಗಳಲ್ಲಿ ಸಾಮಿಲ್ಲುಗಳೂ ಇದ್ದವು. ಅಲ್ಲಿ ಅವನಿಗೆ ಕಂಡದ್ದು ತುಂಬಾ ಸರಳವಾದ ವಿಷಯ. ಸಾಮಿಲ್ಲಿನೊಳಗೆ ಹಬೆಯಂತ್ರ, ಬೆಲ್ಟು, ದೊಡ್ಡ ಗರಗಸ ಎಲ್ಲ ಇದೆ, ಕೆಲಸ ಸರಸರ ಆಗುತ್ತೆ. ಆದರೆ ಆ ದಿಮ್ಮಿ ಸಾಮಿಲ್ಲಿಗೆ ಬರೋಕೆ ಮುಂಚೆ ಕಾಡಿನಲ್ಲಿ ಆಗೋ ಕೆಲಸ ಪೂರ್ತಿ ಕೈಯದ್ದು. ಕೊಡಲಿ, ಇಬ್ಬರು ಎಳೆಯೋ ಗರಗಸ, ಬೆವರು. ಮರ ಮಿಷನ್ನಿನ ಹತ್ತಿರ ಬರೋದಕ್ಕೆ ಅಷ್ಟು ಕಷ್ಟ ಇದ್ದರೆ ಮಿಷನ್ನೇ ಮರದ ಹತ್ತಿರ ಹೋಗಬೇಕು ಅನ್ನೋದು ಅವನ ತಲೆಗೆ ಹೊಕ್ಕ ವಿಚಾರ.

ಸರಪಳಿಗೆ ಹಲ್ಲು ಕಟ್ಟಿ ಕುಯ್ಯೋ ವಿಚಾರ ಅವನು ಹುಟ್ಟುವುದಕ್ಕೂ ಮುಂಚಿನದು. 1830ರ ಸುಮಾರಿಗೇ ಬರ್ನ್‌ಹಾರ್ಡ್ ಹೈನೆ ಎಂಬ ಜರ್ಮನ್ ವೈದ್ಯ ಮೂಳೆ ಕುಯ್ಯೋದಕ್ಕೆ ಕೈಯಲ್ಲಿ ತಿರುಗಿಸೋ ಸರಪಳಿ ಗರಗಸ ಮಾಡಿದ್ದ. ಹಾಗಾಗಿ ಚೈನ್ ಸಾ ಕಂಡುಹಿಡಿದವನು ಶ್ಟೀಲ್ ಅಂತ ಕ್ವಿಜ್‌ನಲ್ಲಿ ಉತ್ತರ ಕೊಟ್ಟರೆ ಪೂರ್ತಿ ಸರಿಯಾಗೋದಿಲ್ಲ. ಅವನ ಮುಂದಿದ್ದ ಪ್ರಶ್ನೆ ಬೇರೆಯದು: ಇದನ್ನ ಒಬ್ಬ ಮನುಷ್ಯ ಹೊತ್ತುಕೊಂಡು ಹೋಗೋ ಹಾಗೆ ಮಾಡೋದು ಹೇಗೆ?

64 ಕೆಜಿಯ ಮೊದಲ ಉತ್ತರ

1926ರಲ್ಲಿ ಅವನ ಮೊದಲ ಮಿಷನ್ ಬಂತು. ಕರೆಂಟಿನಲ್ಲಿ ಓಡೋದು, ತೂಕ 64 ಕೆಜಿ, ಹಿಡಿಯೋಕೆ ಇಬ್ಬರು ಬೇಕು. ಒಂದು ಸಿಮೆಂಟ್ ಮೂಟೆ ಎಷ್ಟು? 50 ಕೆಜಿ. ಅದಕ್ಕಿಂತ ಭಾರದ ಗರಗಸವನ್ನ ಇಬ್ಬರು ಎತ್ತಿ ದಿಮ್ಮಿಯ ಮೇಲೆ ಇಡಬೇಕು. ಅದೂ ಕರೆಂಟ್ ಇರೋ ಕಡೆ ಮಾತ್ರ. ಕಾಡಿನಲ್ಲಿ ಕರೆಂಟ್ ಎಲ್ಲಿ ಬರಬೇಕು? ದಿಮ್ಮಿ ತುಂಡು ಮಾಡೋದಕ್ಕೆ ಸರಿ, ನಿಂತ ಮರಕ್ಕಲ್ಲ.

1929ರಲ್ಲಿ ಪೆಟ್ರೋಲ್ ಎಂಜಿನ್ನಿನದು ಬಂತು. ಅದಕ್ಕೆ ಅವನು ಕೊಟ್ಟ ಹೆಸರಿನ ಅರ್ಥವೇ ಮರ ಕೆಡವೋ ಯಂತ್ರ ಅಂತ. ಸುಮಾರು 6 ಎಚ್‌ಪಿ, 46 ಕೆಜಿ. ಇದಕ್ಕೂ ಇಬ್ಬರು ಬೇಕು, ಒಬ್ಬ ಎಂಜಿನ್ ಕಡೆ, ಇನ್ನೊಬ್ಬ ಬಾರಿನ ತುದಿ ಕಡೆ. ಆದರೆ ವೈರ್ ಹೋಯಿತು, ಕಾಡು ತೆರೆಯಿತು.

ಇಲ್ಲಿ ಇನ್ನೊಬ್ಬನ ಹೆಸರನ್ನ ಹೇಳದೆ ಹೋಗೋದು ಅನ್ಯಾಯ. ಎಮಿಲ್ ಲೆರ್ಪ್ ಎಂಬ ಇನ್ನೊಬ್ಬ ಜರ್ಮನ್ 1927ರಲ್ಲೇ, ಅಂದರೆ ಶ್ಟೀಲ್‌ಗಿಂತ ಎರಡು ವರ್ಷ ಮುಂಚೆ, ಪೆಟ್ರೋಲ್ ಗರಗಸವನ್ನ ಥುರಿಂಗಿಯಾ ಪ್ರಾಂತ್ಯದ ಡೋಲ್ಮಾರ್ ಎಂಬ ಬೆಟ್ಟದ ಮೇಲೆ ಓಡಿಸಿ ತೋರಿಸಿದ್ದ. ಆ ಬೆಟ್ಟದ ಹೆಸರೇ ಮುಂದೆ ಡೋಲ್ಮಾರ್ ಕಂಪನಿಯ ಹೆಸರಾಯಿತು. ಯಾರು ಮೊದಲು ಅನ್ನೋ ಜಗಳ ಅಭಿಮಾನಿಗಳಲ್ಲಿ ಇವತ್ತಿಗೂ ಇದೆ. ನಮಗೆ ಅದರಿಂದ ತಿಳಿಯೋದು ಇಷ್ಟು: ಒಳ್ಳೇ ಐಡಿಯಾ ಒಂದೇ ಕಾಲದಲ್ಲಿ ಇಬ್ಬರು ಮೂವರ ತಲೆಯಲ್ಲಿ ಇದ್ದೇ ಇರುತ್ತೆ. ಮುಂದಿನ ಮೂವತ್ತು ವರ್ಷ ಅದರ ಹಿಂದೆ ಬೀಳೋರು ಕಡಿಮೆ.

1929ರ ಕೊನೆಗೆ ಜಗತ್ತಿನ ಆರ್ಥಿಕ ಕುಸಿತ ಶುರುವಾಯಿತು. ಊರಲ್ಲಿ ಕೊಳ್ಳೋರಿಲ್ಲ. ಶ್ಟೀಲ್ ಹೊರದೇಶದ ಕಡೆ ತಿರುಗಿದ. ಸೋವಿಯತ್ ಒಕ್ಕೂಟ, ಉತ್ತರ ಅಮೆರಿಕ, ಎಲ್ಲಿ ದೊಡ್ಡ ಕಾಡಿದೆಯೋ ಅಲ್ಲಿಗೆ ಮಿಷನ್ ಹೋಯಿತು. ಕಾಡಿನಲ್ಲೇ ಓಡಿಸಿ ತೋರಿಸೋದು ಅವನ ಮಾರಾಟದ ರೀತಿ. ಮಾರಿದ ಮೇಲೆ ದುರಸ್ತಿಗೆ ಜನ ಬೇಕು ಅನ್ನೋದನ್ನೂ ಅವನು ಬೇಗ ಕಲಿತ. ಇವತ್ತಿಗೂ ಆ ಕಂಪನಿಯ ಗರಗಸ ಹೆಚ್ಚಾಗಿ ಸಿಗೋದು ರಿಪೇರಿ ಮಾಡೋ ಡೀಲರ್ ಅಂಗಡಿಯಲ್ಲೇ.

1930ರ ದಶಕದಲ್ಲಿ ಎರಡು ಮುಖ್ಯ ಸುಧಾರಣೆ ಆದವು. ಒಂದು, ಸರಪಳಿಗೆ ತಾನಾಗಿಯೇ ಎಣ್ಣೆ ಹರಿಯೋ ವ್ಯವಸ್ಥೆ. ಇನ್ನೊಂದು, ಸೆಂಟ್ರಿಫ್ಯೂಗಲ್ ಕ್ಲಚ್. ನಮ್ಮ ಮೊಪೆಡ್‌ಗಳಲ್ಲಿ ಇದೆಯಲ್ಲ, ಅದೇ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಓಡ್ತಾ ಇರುತ್ತೆ, ಸರಪಳಿ ನಿಲ್ಲುತ್ತೆ. ಹಳೇ ಮಿಷನ್ ಬಿಚ್ಚಿದಾಗ ಮೊದಲು ನೋಡಬೇಕಾದದ್ದೂ ಇವೇ ಎರಡು. ಐಡಲ್‌ನಲ್ಲಿ ಸರಪಳಿ ತಿರುಗ್ತಾ ಇದ್ದರೆ ಐಡಲ್ ವೇಗ ಜಾಸ್ತಿ ಇದೆ, ಇಲ್ಲಾ ಕ್ಲಚ್ಚಿನ ಸ್ಪ್ರಿಂಗ್ ಸೋತಿದೆ. ಎಣ್ಣೆ ಬರ್ತಾ ಇದೆಯಾ ಅಂತ ನೋಡೋಕೆ ಬಾರಿನ ತುದಿಯನ್ನ ಒಂದು ಹಳೇ ಕಾಗದದ ಕಡೆ ಹಿಡಿದು ಎಂಜಿನ್ ಏರಿಸಿ. ಕಾಗದದ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಹತ್ತು ನಿಮಿಷದಲ್ಲಿ ಬಾರೂ ಸರಪಳಿಯೂ ಹಾಳು.

ಹೇಳಲೇಬೇಕಾದ ವರ್ಷಗಳು

ಸಾಧಕರ ಪರಿಚಯ ಬರೆಯುವಾಗ ಕೆಲವು ವರ್ಷ ಹಾರಿಸಿಬಿಡೋ ಅಭ್ಯಾಸ ನಮ್ಮಲ್ಲಿದೆ. ಶ್ಟೀಲ್ ವಿಷಯದಲ್ಲಿ ಹಾಗೆ ಮಾಡೋಕಾಗಲ್ಲ. ಹಿಟ್ಲರನ ಆಡಳಿತದ ಕಾಲದಲ್ಲಿ ಅವನು ನಾಜಿ ಪಕ್ಷದ ಸದಸ್ಯನಾಗಿದ್ದ, ಎಸ್‌ಎಸ್ ಸಂಘಟನೆಯಲ್ಲೂ ಇದ್ದ. ಯುದ್ಧ ಕಾಲದಲ್ಲಿ ಅವನ ಗರಗಸಗಳು ಜರ್ಮನ್ ಸೇನೆಗೆ ಹೋದವು. ಬಾಂಬ್ ದಾಳಿಯಲ್ಲಿ ಸ್ಟುಟ್‌ಗಾರ್ಟ್‌ನ ಕಾನ್‌ಸ್ಟಾಟ್ ಭಾಗದಲ್ಲಿದ್ದ ಕಾರ್ಖಾನೆ ನಾಶವಾಗಿ, ಕೆಲಸ ಹತ್ತಿರದ ವೈಬ್ಲಿಂಗನ್ ಊರಿನ ಕಡೆಗೆ ಹೋಯಿತು. 1945ರಲ್ಲಿ ಯುದ್ಧ ಮುಗಿದಾಗ ಮಿತ್ರಪಡೆಗಳು ಅವನನ್ನ ಹಿಡಿದು ಶಿಬಿರದಲ್ಲಿಟ್ಟವು. ಹೊರಗೆ ಬಂದದ್ದು 1948ರಲ್ಲಿ. ಆಮೇಲಿನ ವಿಚಾರಣೆಯಲ್ಲಿ ಅವನನ್ನ ಸೇರಿಸಿದ್ದು ಜೊತೆಗೆ ಹೋದವನು ಅನ್ನೋ ವರ್ಗಕ್ಕೆ. ದೊಡ್ಡ ಅಪರಾಧಿ ಅಂತ ಅಲ್ಲ, ನಿರಪರಾಧಿ ಅಂತಲೂ ಅಲ್ಲ.

ಇದನ್ನ ಇಲ್ಲಿ ಬರೀತಾ ಇರೋದು ಅವನನ್ನ ಕಟಕಟೆಗೆ ಹತ್ತಿಸೋಕಲ್ಲ. ಆದರೆ ನಾವು ನಾಲ್ಕು ವರ್ಷ ಕ್ಲಾಸಿನಲ್ಲಿ ಕಲಿಯೋದರಲ್ಲಿ ಎಂಜಿನ್ನಿನ ದಕ್ಷತೆಗೆ ಫಾರ್ಮುಲಾ ಇದೆ, ಯಾರ ಜೊತೆ ನಿಲ್ಲಬೇಕು ಅನ್ನೋದಕ್ಕೆ ಇಲ್ಲ. ತೂಕ, ಘರ್ಷಣೆ, ಕಂಪನ ಎಲ್ಲವನ್ನೂ ಅಷ್ಟು ಚೆನ್ನಾಗಿ ಅಳೆದ ತಲೆ ತನ್ನ ಸುತ್ತ ನಡೀತಾ ಇದ್ದದ್ದನ್ನ ಅಳೆಯಲಿಲ್ಲ, ಅಥವಾ ಅಳೆದೂ ಜೊತೆಗೇ ಹೋಯಿತು. ಅವನ ಕೆಲಸ ಮೆಚ್ಚಿಕೊಳ್ಳುವಾಗ ಈ ಲೆಕ್ಕವೂ ಪಕ್ಕದಲ್ಲೇ ಇರಬೇಕು. ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋಕಾಗಲ್ಲ.

ಇಬ್ಬರಿಂದ ಒಬ್ಬನಿಗೆ

ಐವತ್ತೆರಡನೇ ವಯಸ್ಸಿನ ಹೊತ್ತಿಗೆ ಅವನು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಯುದ್ಧ ಮುಗಿದ ಮೇಲೆ ಕಂಪನಿ ಗರಗಸದ ಜೊತೆ ಸಣ್ಣ ಟ್ರಾಕ್ಟರುಗಳನ್ನೂ ಮಾಡಿತು, ಗಾಳಿಯಿಂದಲೇ ತಣಿಯೋ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ನಿನದು. 1960ರ ದಶಕದಲ್ಲಿ ಅದು ನಿಂತಿತು. ಉಳಿದದ್ದು ಗರಗಸವೇ.

1950ರಲ್ಲಿ ಬಿಎಲ್ ಎಂಬ ಮಾದರಿ ಬಂತು. 16 ಕೆಜಿ, ಒಬ್ಬನೇ ಹಿಡಿಯಬಹುದು. ಅದೇ ಹೊತ್ತಿಗೆ ಅಮೆರಿಕದ ಮೆಕ್‌ಕಲಕ್ ಕಂಪನಿ 1949ರಲ್ಲಿ 25 ಪೌಂಡಿನ, ಅಂದರೆ ಹನ್ನೊಂದೂ ಚಿಲ್ಲರೆ ಕೆಜಿಯ ಗರಗಸ ತಂದಿತ್ತು. ಸ್ಪರ್ಧೆ ಜೋರಾಗಿತ್ತು. ಸರಪಳಿಯಲ್ಲೂ ಕ್ರಾಂತಿ ಆಗಿತ್ತು, ಅದು ಶ್ಟೀಲ್ ಮಾಡಿದ್ದಲ್ಲ. ಅಮೆರಿಕದ ಆರಿಗನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯೋ ಕೆಲಸದವನು 1946ರಲ್ಲಿ ಮರದೊಳಗೆ ಕೊರೆಯೋ ಹುಳುವನ್ನ ನೋಡ್ತಾ ಕೂತಿದ್ದ. ಅದರ ದವಡೆ ಎಡಕ್ಕೂ ಬಲಕ್ಕೂ ಕೆರೆದು ಮರ ತಿನ್ನೋದನ್ನ ಗಮನಿಸಿ, ಅದೇ ಥರ ಎಡಬಲ ಕೊಕ್ಕೆ ಹಲ್ಲಿನ ಸರಪಳಿ ಮಾಡಿದ. ಅಲ್ಲಿಯವರೆಗೆ ಚೈನ್ ಸಾ ಅಂದರೆ ಕೈಗರಗಸದ ಹಲ್ಲನ್ನೇ ಸರಪಳಿಗೆ ಕೂರಿಸಿದ್ದು. ಇವತ್ತು ಹಾಸನದಲ್ಲಿ ನೀವು ಕೊಳ್ಳೋ ಯಾವ ಕಂಪನಿಯ ಸರಪಳಿಯಾದರೂ ಆ ಹುಳುವಿನ ದವಡೆಯ ಮೊಮ್ಮಗು.

ಇನ್ನೊಂದು ತಲೆನೋವು ಕಾರ್ಬುರೇಟರ್. ಹಳೇ ಸ್ಕೂಟರಿನ ಹಾಗೆ ಫ್ಲೋಟ್ ಇರೋ ಕಾರ್ಬುರೇಟರ್ ನೆಟ್ಟಗೆ ನಿಂತಿದ್ದರೆ ಮಾತ್ರ ಕೆಲಸ ಮಾಡುತ್ತೆ. ಮರ ಕೆಡವೋವಾಗ ಗರಗಸವನ್ನ ಅಡ್ಡ ಮಲಗಿಸಬೇಕಲ್ಲ? ಅದಕ್ಕೆ ಹಳೇ ಮಿಷನ್‌ಗಳಲ್ಲಿ ಎಂಜಿನ್ ನೆಟ್ಟಗೇ ಇಟ್ಟು ಬಾರನ್ನ ಮಾತ್ರ ತಿರುಗಿಸೋ ಏರ್ಪಾಡು ಇರುತ್ತಿತ್ತು. ಡಯಾಫ್ರಂ ಕಾರ್ಬುರೇಟರ್ ಬಂದ ಮೇಲೆ ಆ ಗೋಳು ತಪ್ಪಿತು. ಫ್ಲೋಟ್ ಬದಲು ತೆಳ್ಳನೆ ರಬ್ಬರ್ ಪೊರೆ, ಎಂಜಿನ್ ಕ್ರಾಂಕ್‌ಕೇಸಿನ ಒತ್ತಡದ ಏರಿಳಿತವೇ ಪೆಟ್ರೋಲ್ ಪಂಪ್ ಮಾಡುತ್ತೆ. ಮೇಲೆ, ಕೆಳಗೆ, ಅಡ್ಡ, ಹೇಗೆ ಹಿಡಿದರೂ ಓಡುತ್ತೆ.

1959ರ ಕಾಂಟ್ರಾ

ಶ್ಟೀಲ್ ಬದುಕಿನ ದೊಡ್ಡ ಗೆಲುವು ಬಂದದ್ದು 63ನೇ ವಯಸ್ಸಿಗೆ ಕಾಲಿಡುವ ವರ್ಷ, ಕಾಂಟ್ರಾ ಎಂಬ ಮಾದರಿಯಲ್ಲಿ. ಅದಕ್ಕೂ ಮುಂಚಿನ ಅವನ ಗರಗಸಗಳಲ್ಲಿ ಎಂಜಿನ್ನಿಗೂ ಸರಪಳಿಗೂ ಮಧ್ಯೆ ಗೇರ್ ಇತ್ತು. ಕಾಂಟ್ರಾದಲ್ಲಿ ಗೇರ್ ತೆಗೆದುಹಾಕಿದರು. ಕ್ಲಚ್ ಡ್ರಮ್ಮಿಗೇ ಸ್ಪ್ರಾಕೆಟ್, ಅದರ ಮೇಲೇ ಸರಪಳಿ. ತೂಕ 12 ಕೆಜಿ, ಶಕ್ತಿ 6 ಎಚ್‌ಪಿ.

ಈಗ 1929ರ ಲೆಕ್ಕ ನೆನಪು ಮಾಡ್ಕೊಳ್ಳಿ. ಅವತ್ತೂ ಸುಮಾರು 6 ಎಚ್‌ಪಿ, ತೂಕ 46 ಕೆಜಿ. ಮೂವತ್ತು ವರ್ಷದಲ್ಲಿ ಒಂದು ಎಚ್‌ಪಿಗೆ ಏಳೂಮುಕ್ಕಾಲು ಕೆಜಿ ಇದ್ದದ್ದು 2 ಕೆಜಿಗೆ ಇಳಿಯಿತು. ಶಕ್ತಿ ಒಂದಿಷ್ಟೂ ಹೆಚ್ಚಿಸಿಲ್ಲ. ಹೊರೋ ಮನುಷ್ಯನ ತೋಳಿನಿಂದ 34 ಕೆಜಿ ಇಳಿಸಿದ್ದು, ಒಬ್ಬ ಆಳನ್ನ ಆ ತುದಿಯಿಂದ ಬಿಡಿಸಿದ್ದು, ಅಷ್ಟೇ ಕೆಲಸ. ಅವನ ಬದುಕನ್ನ ಒಂದೇ ಸಾಲಿನಲ್ಲಿ ಹೇಳು ಅಂದರೆ ನಾನು ಇದನ್ನೇ ಹೇಳ್ತೀನಿ.

ಗೇರ್ ಇಲ್ಲದ್ದರ ಪರಿಣಾಮ ಸರಪಳಿ ವೇಗದಲ್ಲಿ ಕಾಣುತ್ತೆ. .404 ಇಂಚು ಪಿಚ್‌ನ ಸರಪಳಿ, 7 ಹಲ್ಲಿನ ಸ್ಪ್ರಾಕೆಟ್ ಅಂತ ಇಟ್ಕೊಳ್ಳಿ. ಒಂದು ಸುತ್ತಿಗೆ ಸರಪಳಿ ಸಾಗೋದು 7 × 2 × .404, ಅಂದರೆ ಸುಮಾರು 5.66 ಇಂಚು, ಸುಮಾರು 14 ಸೆಂಟಿಮೀಟರ್. ಎಂಜಿನ್ 7,000 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 17 ಮೀಟರ್ ಹತ್ತಿರ. ನಮ್ಮ ಭಾಷೇಲಿ ಗಂಟೆಗೆ 60 ಕಿಲೋಮೀಟರ್. ಚನ್ನರಾಯಪಟ್ಟಣದ ಹೈವೇಲಿ ಬಸ್ಸು ಹೋಗೋ ವೇಗದಲ್ಲಿ ಹಲ್ಲುಗಳು ನಿಮ್ಮ ಮೊಣಕಾಲಿನ ಹತ್ತಿರ ಓಡ್ತಾ ಇರ್ತವೆ. ಈ ವಿಷಯ ಮನಸ್ಸಲ್ಲಿಟ್ಟುಕೊಂಡೇ ಮುಂದಿನದ್ದು ಓದಿ.

ಹಳೇ ಮಿಷನ್ ಕೈಗೆ ಸಿಕ್ಕರೆ

ಯಾವುದಾದರೂ ಎಸ್ಟೇಟಿನ ಗೋಡೌನ್ ಮೂಲೆಯಲ್ಲೋ ಗುಜರಿಯಲ್ಲೋ ಆ ಕಾಲದ ಗರಗಸ ಸಿಕ್ಕಿತು ಅಂತಿಟ್ಕೊಳ್ಳಿ. ಎಲ್ಲರೂ ಮೊದಲು ಮಾಡೋ ಕೆಲಸ ಸ್ಕ್ರೂಡ್ರೈವರ್ ತಗೊಂಡು ಕಾರ್ಬುರೇಟರ್ ತಿರುಗಿಸೋದು. ಅದಕ್ಕೆ ಕೊನೇ ಸರದಿ ಕೊಡಿ.

ಮೊದಲು ಪ್ಲಗ್ ಬಿಚ್ಚಿ, ಸೈಲೆನ್ಸರ್ ತೆಗೆದು, ಆ ಕಿಂಡಿಯಿಂದ ಪಿಸ್ಟನ್ ನೋಡಿ. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಇದ್ದರೆ ಆ ಎಂಜಿನ್ ಯಾವತ್ತೋ ಎಣ್ಣೆ ಸಾಲದೆ, ಇಲ್ಲಾ ಪೆಟ್ರೋಲ್ ಸಾಲದೆ ಹಿಡ್ಕೊಂಡಿದೆ. ಪಿಸ್ಟನ್ ನುಣುಪಾಗಿದ್ದರೆ ಮುಂದುವರಿಯಿರಿ. ಕಂಪ್ರೆಷನ್ ಗೇಜ್ ಹಾಕಿ ಹಗ್ಗ ಜಗ್ಗಿದಾಗ 120 ಪಿಎಸ್‌ಐ ದಾಟಿದರೆ ಜೀವ ಇದೆ ಅಂತ ಅರ್ಥ.

ಎರಡನೆಯದು ಕಿಡಿ. ಆ ಕಾಲದ ಮಿಷನ್‌ಗಳಲ್ಲಿ ಫ್ಲೈವೀಲಿನ ಕೆಳಗೆ ಕಾಂಟ್ಯಾಕ್ಟ್ ಪಾಯಿಂಟು, ಕಂಡೆನ್ಸರ್ ಇರುತ್ತೆ. ವರ್ಷಗಟ್ಟಲೆ ಸುಮ್ಮನಿದ್ದ ಪಾಯಿಂಟಿನ ಮೇಲೆ ಕಿಲುಬು ಕೂತಿರುತ್ತೆ. ನಯವಾದ ಉಜ್ಜುಕಾಗದದಲ್ಲಿ ತಿಕ್ಕಿ, ಪೆಟ್ರೋಲಿನಲ್ಲಿ ಒರೆಸಿ, ಫೀಲರ್ ಗೇಜ್ ಇಟ್ಟು ಮ್ಯಾನುಯಲ್‌ನಲ್ಲಿ ಹೇಳಿದ ಅಂತರ ಕೂರಿಸಿ. ಸಾಮಾನ್ಯವಾಗಿ ಅದು 0.4 ಮಿಲಿಮೀಟರ್ ಆಸುಪಾಸು. ಮೈಸೂರಿನಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿ ಮೇಲೆ ಕೈ ಪಳಗಿಸಿಕೊಂಡ ಹಳೇ ಮೇಸ್ತ್ರಿಗಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಅಂಥವರು ನಿಮ್ಮೂರಲ್ಲಿದ್ದರೆ ಅವರ ಪಕ್ಕ ಒಂದು ದಿನ ಕೂತು ನೋಡಿ, ಲ್ಯಾಬ್ ಮ್ಯಾನುಯಲ್‌ನಲ್ಲಿ ಇಲ್ಲದ್ದು ಬೇಕಾದಷ್ಟು ಸಿಗುತ್ತೆ.

ಮೂರನೆಯದು ರಬ್ಬರ್. ಪೆಟ್ರೋಲ್ ಪೈಪು, ಕಾರ್ಬುರೇಟರಿನ ಡಯಾಫ್ರಂ, ಕ್ರಾಂಕ್ ಸೀಲು. ಹಳೇ ರಬ್ಬರಿಗೆ ಇವತ್ತಿನ ಎಥೆನಾಲ್ ಬೆರೆತ ಪೆಟ್ರೋಲ್ ಆಗಿಬರೋದಿಲ್ಲ. ಡಯಾಫ್ರಂ ಬೆರಳಿಗೆ ಮೆತ್ತಗಿರಬೇಕು, ಕಾಗದದ ಹಾಗೆ ಕಟಕಟ ಅಂದರೆ ಬದಲಾಯಿಸಿ. ಕ್ರಾಂಕ್ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ಹೋಗಿ ಮಿಶ್ರಣ ತೆಳ್ಳಗಾಗುತ್ತೆ. ಆಗ ಕಾರ್ಬುರೇಟರ್ ಎಷ್ಟು ತಿರುಗಿಸಿದರೂ ಐಡಲ್ ಒಂದೇ ಸಮ ನಿಲ್ಲೋದಿಲ್ಲ.

ಎಣ್ಣೆ ಬೆರೆಸೋದು ಮರೀಬೇಡಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ, ಪೆಟ್ರೋಲಿನಲ್ಲಿ ಬೆರೆತದ್ದೇ ಬೇರಿಂಗಿಗೂ ಪಿಸ್ಟನ್ನಿಗೂ. ಹಳೇ ಮಿಷನ್ನಿಗೆ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ ಹಾಕೋದು ಕ್ಷೇಮ.

ಇಷ್ಟೆಲ್ಲ ಆದ ಮೇಲೆ ಕಾರ್ಬುರೇಟರ್. ಎಲ್ ಸ್ಕ್ರೂ ಕಡಿಮೆ ವೇಗಕ್ಕೆ, ಎಚ್ ಸ್ಕ್ರೂ ಪೂರ್ತಿ ವೇಗಕ್ಕೆ, ಮೂರನೆಯದು ಐಡಲ್‌ಗೆ. ಎಲ್ ಮತ್ತು ಎಚ್ ಎರಡನ್ನೂ ಮೆಲ್ಲಗೆ ಕೊನೆವರೆಗೆ ಮುಚ್ಚಿ, ಒಂದೊಂದು ಸುತ್ತು ಬಿಚ್ಚಿ ಶುರುಮಾಡಿ. ಎಂಜಿನ್ ಬಿಸಿಯಾದ ಮೇಲೆ ಎಲ್ ಸರಿಮಾಡಿ, ಆಕ್ಸಿಲರೇಟರ್ ಒತ್ತಿದ ತಕ್ಷಣ ತಡವರಿಸದೆ ಏರಬೇಕು. ಎಚ್ ಸ್ಕ್ರೂಗೆ ಕಿವಿ ಬೇಕು. ಮರ ಮುಟ್ಟಿಸದೆ ಪೂರ್ತಿ ಏರಿಸಿದಾಗ ಸದ್ದು ಸ್ವಲ್ಪ ಒರಟಾಗಿ, ಬೊಳಬೊಳ ಅಂತಿರಬೇಕು. ಬಾರು ಮರಕ್ಕೆ ಕಚ್ಚಿದ ಕೂಡಲೇ ಆ ಸದ್ದು ಶುದ್ಧವಾಗಬೇಕು. ಮರ ಮುಟ್ಟದೆಯೇ ಕಿರ್ರೆಂದು ಶುದ್ಧವಾಗಿ ಕಿರುಚಿದರೆ ಕೇಳೋಕೆ ಚಂದ, ಪಿಸ್ಟನ್ನಿಗೆ ಕೇಡು. ಪೆಟ್ರೋಲ್ ಕಡಿಮೆಯಾದ್ರೆ ಅದರ ಜೊತೆ ಬರೋ ಎಣ್ಣೆಯೂ ಕಡಿಮೆ ಅಲ್ವಾ?

ನಮ್ಮ ಊರಿಗೇ ಸಂಬಂಧಪಟ್ಟ ಒಂದು ವಿಷಯ ಇಲ್ಲಿದೆ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹೆಚ್ಚುಕಡಿಮೆ 9 ಶೇಕಡಾ ಕಡಿಮೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಮಿಷನ್ ಇಲ್ಲಿ ತಂದರೆ ಸ್ವಲ್ಪ ಹೊಗೆ ಹಾಕುತ್ತೆ, ಶಕ್ತಿ ಕಡಿಮೆ, ತೊಂದರೆ ಏನಿಲ್ಲ. ಇಲ್ಲಿ ಟ್ಯೂನ್ ಮಾಡಿದ್ದನ್ನ ಶಿರಾಡಿ ಘಾಟಿ ಇಳಿಸಿದರೆ ಗಾಳಿ ದಟ್ಟವಾಗಿ ಮಿಶ್ರಣ ತೆಳ್ಳಗಾಗುತ್ತೆ. ಅಪಾಯ ಇರೋದು ಇಳಿಯುವಾಗ. ಘಟ್ಟದ ಕೆಳಗೆ ಕೆಲಸಕ್ಕೆ ಹೋಗೋರು ಎಚ್ ಸ್ಕ್ರೂವನ್ನ ಅಲ್ಲೇ ಮತ್ತೆ ಕಿವಿಗೊಟ್ಟು ಸರಿಮಾಡ್ಕೋಬೇಕು.

ಕೊನೆಗೆ ಸರಪಳಿ. ಮಿಷನ್ನಿಗೆ ಪವರ್ ಇಲ್ಲ ಅಂತ ಬರೋ ದೂರಿನಲ್ಲಿ ಎಷ್ಟೋ ಸಲ ಮೊಂಡಾಗಿರೋದು ಹಲ್ಲು. ಹರಿತವಾದ ಸರಪಳಿ ಚಕ್ಕೆ ಉದುರಿಸುತ್ತೆ, ಮೊಂಡು ಸರಪಳಿ ಹಿಟ್ಟು ಉದುರಿಸುತ್ತೆ. ಹಳೇ ತೆಂಗಿನ ಹೊರಮೈ ಕುಯ್ದವರಿಗೆ ಹಲ್ಲು ಎಷ್ಟು ಬೇಗ ಸೋಲುತ್ತೆ ಅಂತ ಗೊತ್ತು. ಪಿಚ್‌ಗೆ ಸರಿಯಾದ ದುಂಡು ಅರ, ಎಲ್ಲ ಹಲ್ಲಿಗೂ ಒಂದೇ ಕೋನ, ಒಂದೇ ಲೆಕ್ಕದ ಎಳೆತ. ಒಂದು ಕಡೆ ಜಾಸ್ತಿ ಅರ ಹಾಕಿದರೆ ಗರಗಸ ನೇರ ಹೋಗದೆ ಪಕ್ಕಕ್ಕೆ ವಾಲಿಕೊಂಡು ಕುಯ್ಯುತ್ತೆ.

ಕೈ ಉಳಿಸೋ ಕೆಲಸ

ಒಬ್ಬನೇ ಹಿಡಿಯೋ ಹಗುರ ಮಿಷನ್ ಬಂದ ಮೇಲೆ ಹೊಸ ಕಾಯಿಲೆಯೂ ಬಂತು. ದಿನವಿಡೀ ಎಂಜಿನ್ನಿನ ನಡುಕ ಕೈಗೆ ಹತ್ತಿ ಬೆರಳಿನ ರಕ್ತನಾಳ ಕೆಡೋದು, ಚಳಿಯಲ್ಲಿ ಬೆರಳು ಬೆಳ್ಳಗಾಗಿ ಮರಗಟ್ಟೋದು. 1960ರ ದಶಕದ ಮಧ್ಯದಲ್ಲಿ ಶ್ಟೀಲ್ ಕಂಪನಿ ಹಿಡಿಕೆಗೂ ಎಂಜಿನ್ನಿಗೂ ಮಧ್ಯೆ ರಬ್ಬರ್ ಕೂರಿಸಿ ನಡುಕ ತಡೆಯೋ ವ್ಯವಸ್ಥೆ ತಂದಿತು. 1970ರ ದಶಕದ ಆರಂಭದಲ್ಲಿ ಚೈನ್ ಬ್ರೇಕ್ ಬಂತು. ಬಾರಿನ ತುದಿ ಏನಕ್ಕಾದರೂ ತಗುಲಿ ಗರಗಸ ಮುಖದ ಕಡೆ ಚಿಮ್ಮಿದಾಗ ಸರಪಳಿಯನ್ನ ಕಣ್ಣು ಮಿಟುಕಿಸೋದರಲ್ಲಿ ನಿಲ್ಲಿಸೋ ಬ್ರೇಕ್ ಅದು.

ಹಳೇ ಮಿಷನ್‌ಗಳಲ್ಲಿ ಇವೆರಡೂ ಇಲ್ಲ. ಹಾಗಾಗಿ ರಿಪೇರಿ ಮಾಡಿ, ಓಡಿಸಿ, ಸದ್ದು ಕೇಳಿ ಸಂತೋಷಪಡಿ. ದಿನದ ಕೆಲಸಕ್ಕೆ, ಅದರಲ್ಲೂ ನಿಂತ ಮರಕ್ಕೆ ಅದನ್ನ ತಗೊಂಡು ಹೋಗ್ಬೇಡಿ. ಕನ್ನಡಕ, ಕಿವಿಗೆ ರಕ್ಷಣೆ, ಗಟ್ಟಿ ಬೂಟು ಇಲ್ಲದೆ ಪರೀಕ್ಷೆಗೂ ಸ್ಟಾರ್ಟ್ ಮಾಡ್ಬೇಡಿ. ಮರದ ವಿಷಯದಲ್ಲೂ ಒಂದು ಮಾತು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ತೆಂಗು, ನೀಲಗಿರಿಯಂಥ ಕೆಲವು ಮರಕ್ಕೆ ವಿನಾಯಿತಿ ಇದೆ. ಮಿಕ್ಕ ಹೆಚ್ಚಿನ ಮರಗಳಿಗೆ ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಲಿಯಲ್ಲಿ ಅರ್ಧ ದಿನ ಹಿಡಿಯೋ ಕೆಲಸ ಐದು ನಿಮಿಷಕ್ಕೆ ಇಳಿದಿದೆ. ಕಡಿಯೋದಾ ಬೇಡವಾ ಅಂತ ಯೋಚನೆ ಮಾಡೋಕೆ ಸಿಗ್ತಾ ಇದ್ದ ಹೊತ್ತೂ ಅಷ್ಟೇ ಕಡಿಮೆಯಾಗಿದೆ.

ಕೊನೆಯ ವರ್ಷಗಳು

ಮಗ ಹಾನ್ಸ್ ಪೀಟರ್, ಮಗಳು ಎವಾ ಕಂಪನಿಯೊಳಗೆ ಬಂದು ಕೆಲಸ ಹೊತ್ತರು. 1971ರ ಹೊತ್ತಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗೋ ಚೈನ್ ಸಾ ಅವರದ್ದೇ ಆಗಿತ್ತು. 1973ರ ಜನವರಿ 14ರಂದು, 76ನೇ ವಯಸ್ಸಿನಲ್ಲಿ ಆಂಡ್ರಿಯಾಸ್ ಶ್ಟೀಲ್ ತೀರಿಕೊಂಡ. ಕಂಪನಿಯ ಮುಖ್ಯ ಕಚೇರಿ ಇಂದಿಗೂ ವೈಬ್ಲಿಂಗನ್‌ನಲ್ಲಿದೆ.

ಅವನ ಬದುಕಿನಿಂದ ನಮ್ಮ ಪಠ್ಯಕ್ಕೆ ಬರಬೇಕಾದದ್ದು ಯಾವುದು ಅಂದರೆ, ಮೊದಲು ಕಂಡುಹಿಡಿದವನು ಯಾರು ಅನ್ನೋ ಜಗಳವಂತೂ ಅಲ್ಲ. ಮಿಷನ್ ಹೊರೋ ಮನುಷ್ಯನ ತೋಳು, ಬೆರಳು, ಮುಖ ಇವನ್ನ ಮುಂದಿಟ್ಟುಕೊಂಡು ಒಂದೇ ಸಮಸ್ಯೆಯನ್ನ ಹತ್ತಾರು ವರ್ಷ ಬಿಡದೆ ತಿದ್ದಿದ್ದು. ಜೊತೆಗೆ, ಅಷ್ಟು ತಿದ್ದಿದವನೂ ತನ್ನ ಕಾಲದ ದೊಡ್ಡ ತಪ್ಪಿನ ಜೊತೆ ಹೆಜ್ಜೆ ಹಾಕಿದ ಅನ್ನೋದು.

ಮುಂದಿನ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಾ ಇರೋರಿಗೆ ಒಂದು ಸಲಹೆ. ನಿಮ್ಮೂರಿನ ಹಳೇ ಗರಗಸವೊಂದನ್ನ ವರ್ಕ್‌ಶಾಪಿಗೆ ತನ್ನಿ. ಬಿಚ್ಚಿ, ಪ್ರತಿ ಪಾರ್ಟನ್ನೂ ತೂಕ ಮಾಡಿ ಬರೆದಿಡಿ. ಪಕ್ಕದಲ್ಲಿ ಹೊಸ ಮಿಷನ್ನಿನ ಅದೇ ಪಾರ್ಟುಗಳ ತೂಕ. ಎರಡು ಪಟ್ಟಿಯ ಮಧ್ಯೆ ಎಲ್ಲೆಲ್ಲಿ ಎಷ್ಟು ಗ್ರಾಂ ಕಡಿಮೆಯಾಗಿದೆ, ಯಾಕೆ ಕಡಿಮೆಯಾಗಿದೆ ಅಂತ ಕಂಡುಹಿಡಿಯಿರಿ. ವೈವಾದಲ್ಲಿ ಯಾರು ಏನು ಕೇಳಿದರೂ ಉತ್ತರ ನಿಮ್ಮ ಕೈಯಲ್ಲೇ ಇರುತ್ತೆ.